ಓಗೊಡುವ ಬೆಟ್ಟ

ಆ ಕಾಲದಲ್ಲಿ ಬೆಟ್ಟದ ಹಕ್ಕು ಯಾರದೆಂದು ಬೆಟ್ಟವೇ ಹೇಳುತ್ತಿತ್ತು. ತನ್ನ ಮೂಲದವರು ಬಂದು ಕೂಗಿದರೆ ಅವರ ಕುಲದ ಹೆಸರು ಹಿಡಿದು ಓಗೊಡುತ್ತಿತ್ತು. ಉಳಿದವರು ಎಷ್ಟು ಕೂಗಿದರೂ ಸುಮ್ಮನಿರುತ್ತಿತ್ತು.

ಅಂದು ತಹಸೀಲ್ದಾರರು ಬೆಟ್ಟದ ಬುಡದಲ್ಲಿ ನಡೆಸಿದ ವಿಚಾರಣೆಗೆ ಕಾಡಿನ ಜನರ ಹಾಡಿಯ ಪರವಾಗಿ ಕೇತಮ್ಮ ಬಂದಿದ್ದಳು. ಬೆಟ್ಟದ ಕಾಡು ತಮ್ಮದೆಂದು ಅರ್ಜಿ ಹಾಕಿದ್ದ ಮೂಲಗಿರಿಜನ ಮಹಾಸಂಘದವರು ತಲೆಗೆ ಸೊಪ್ಪು ಸುತ್ತಿಕೊಂಡು ಎದುರಿಗೆ ನಿಂತಿದ್ದರು.

ಕೇತಮ್ಮ ಕೂಗಿದಳು. "ಹೊನ್ನೇರು" ಎಂದು ಅವಳ ಕುಲದ ಹೆಸರು ಹೇಳಿತು ಬೆಟ್ಟ.

ಸಂಘದ ಅಧ್ಯಕ್ಷ ಪ್ರಸನ್ನಕುಮಾರ ಗಂಟಲು ಹರಿಯುವಂತೆ ಕೂಗಿದ. ಬೆಟ್ಟ ಮಿಸುಕಲಿಲ್ಲ.

"ಇವತ್ತು ಗಾಳಿ ಸರಿಯಿಲ್ಲ ಸಾರ್" ಎಂದು ತಹಸೀಲ್ದಾರರಿಗೆ ಹೇಳಿದ.

ಸಂಘದವರೆಲ್ಲ ಒಬ್ಬೊಬ್ಬರಾಗಿ ಕೂಗಿ ಸೋತರು. ಕೊನೆಗೆ ಚಂದ್ರಿಕಾ ಎಂಬ ಹುಡುಗಿ ಅಳುಕುತ್ತ ಕೂಗಿದಳು.

"ಹೊನ್ನೇರು" ಎಂದಿತು ಬೆಟ್ಟ.

ಅಧ್ಯಕ್ಷ ಕುಣಿದಾಡಿದ. "ಕೇಳಿದಿರಲ್ಲ ಸಾರ್! ನಮ್ಮ ಸಂಘಕ್ಕೆ ಓಗೊಟ್ಟಿತು!"

ಕೇತಮ್ಮ ಹುಡುಗಿಯ ಮುಖ ನೋಡಿದಳು. ಹುಡುಗಿಯನ್ನು ಒಪ್ಪಿದರೆ ಸಂಘ ಕಾಡಿನೊಳಗೆ ಕಾಲಿಡುತ್ತದೆ. ಒಪ್ಪದಿದ್ದರೆ ಬೆಟ್ಟದ ಮಾತನ್ನೇ ಅಲ್ಲಗಳೆದಂತೆ.

"ಇವರ ಜೊತೆ ಯಾಕೆ ಸೇರಿದೆ ಮಗಾ?" ಎಂದು ಕೇಳಿದಳು.

"ನಮ್ಮ ತಾತ ಎಸ್ಟೇಟಿಗೆ ಕೂಲಿಗೆ ಬಂದವರು. ಯಾವ ಕಾಡಿಂದ ಬಂದರು ಅಂತ ಮನೇಲಿ ಯಾರಿಗೂ ಗೊತ್ತಿಲ್ಲ. ಸಂಘದವರು ಹುಡುಕಿಕೊಡ್ತೀವಿ ಅಂದರು."

ಕೇತಮ್ಮ ತಹಸೀಲ್ದಾರರ ಕಡೆ ತಿರುಗಿದಳು. "ಇವಳು ನಮ್ಮವಳೇ ಸ್ವಾಮಿ. ಆದರೆ ಬೆಟ್ಟ ಕರೆದದ್ದು ಇವಳನ್ನ, ಸಂಘನ ಅಲ್ಲ."

ತಹಸೀಲ್ದಾರರು ತಲೆಯಾಡಿಸಿ ಸಂಘದ ಅರ್ಜಿಯನ್ನು ವಜಾ ಮಾಡಿದರು. ಅಧ್ಯಕ್ಷ ಗೊಣಗುತ್ತ ಜೀಪು ಹತ್ತಿದ. ಚಂದ್ರಿಕಾ ಹತ್ತಲಿಲ್ಲ. ತಲೆಯ ಸೊಪ್ಪು ತೆಗೆದು ಕೇತಮ್ಮನ ಹತ್ತಿರ ಬಂದಳು.

"ನಿಮ್ಮನ್ನ ಏನಂತ ಕರೀಲಿ?"

"ಅತ್ತೆ ಅನ್ನು" ಎಂದಳು ಕೇತಮ್ಮ.