ಚಿತ್ತಾಪುರದ ಕೆಲಸ

ಗಂಡ ಸುಳ್ಳು ಹೇಳಿದ್ದಾನೆ ಎಂಬುದು ಶಿವಗಂಗಾಗೆ ಗೊತ್ತಾದದ್ದು ಚಿತ್ತಾಪುರದ ಪಶುವೈದ್ಯ ಪ್ರಬುದ್ಧ ಫೋನು ಮಾಡಿದಾಗ.

“ಗಂಡು ಗಿನಿ ಪಿಗ್ ಹ್ಯಾಂಗದರಿ ಅಕ್ಕಾರ? ಮೇವು ತಿನ್ಲಿಕತ್ತದೇನು?”

“ತಿನ್ಲಿಕತ್ತದರಿ. ನಿನ್ನಿ ಸಂಜಿತನಕ ನಿಮಗೂ ಭಾಳ ತ್ರಾಸ ಆತು.”

“ಸಂಜಿತನಕ ಏನಿಲ್ರಿ, ಆಪರೇಷನ್ ಆಗಿ ಮಧ್ಯಾಹ್ನದೊಳಗೇ ಅದಕ್ಕ ಎಚ್ಚರಾಗಿತ್ತು. ಮಾಸ್ತರು ಊರಾಗ ಬ್ಯಾರೆ ಕೆಲಸ ಅದ ಅಂತ ಹೋಗಿದ್ರು. ಅವರು ಬರೋತನಕ ಇಟ್ಕೊಂಡಿದ್ದೆ.”

ಅವಳು ಫೋನು ಕೆಳಗಿಟ್ಟಳು. ನಿನ್ನೆ ಮನೆಗೆ ಬಂದವನೇ ಸಿದ್ಧಲಿಂಗ ಹೇಳಿದ್ದು ಬೇರೆ: “ದಿನಾ ಪೂರ್ತಿ ಅದರ ಬಾಜೂಕೇ ಕುಂತಿದ್ದೆ.” ಕುರಕುಂಟಾದ ಶಾಲೆಯಲ್ಲಿ ಮಾಸ್ತರನಾಗಿದ್ದ ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಅದಕ್ಕೇ ಈ ಸುಳ್ಳು ಅವಳಿಗೆ ಸಣ್ಣದೆನಿಸಲಿಲ್ಲ.

ಮೊಲದ ಮರಿಯಷ್ಟೇ ಇರುವ ಆ ಗಿನಿ ಪಿಗ್ ಜೋಡಿಯನ್ನು ಹೈದರಾಬಾದಿನಿಂದ ಸೇಡಂನ ಮನೆಗೆ ತಂದವನು ಅವನೇ, ಮಗಳು ಭುವನೇಶ್ವರಿಗೆಂದು. ಬೇಸಿಗೆಯಲ್ಲಿ ಹೆಣ್ಣು ಮರಿ ಹಾಕಿತು. ಮರಿಗಳು ಉಳಿಯಲಿಲ್ಲ, ತಾಯಿ ಉಳಿದದ್ದೇ ಹೆಚ್ಚು. ಇನ್ನೊಮ್ಮೆ ಗಬ್ಬವಾದರೆ ಇದು ಬದುಕುವುದಿಲ್ಲ ಎಂದಿದ್ದರು ಪ್ರಬುದ್ಧ. ಅಂದಿನಿಂದ ಎರಡಕ್ಕೂ ಬೇರೆ ಬೇರೆ ಪಂಜರ. ಗಂಡು ತಂತಿ ಕಚ್ಚಿಕೊಂಡು ಕೀಚುಗುಡುತ್ತಿತ್ತು. ಹೆಣ್ಣು ಮೂಲೆ ಹಿಡಿದು ಕೂತು ಮೇವು ಬಿಟ್ಟಿತು. ಒಂಟಿಯಾಗಿ ಇರಲಾರದ ಪ್ರಾಣಿಗಳು. ಗಂಡಿನ ಬೀಜ ತೆಗೆಸಿದರೆ ಮತ್ತೆ ಕೂಡಿಸಬಹುದು. ಆದರೆ ಇಷ್ಟು ಸಣ್ಣ ಜೀವ, ಮಂಪರಿನ ಮದ್ದು ತಡೆಯದೆ ಹೋದರೂ ಹೋದೀತು. ಆ ಹೆದರಿಕೆಯಲ್ಲಿ ಅವಳು ನಿನ್ನೆಯೆಲ್ಲ ಊಟ ಬಿಟ್ಟಿದ್ದಳು. ಗಿನಿ ಪಿಗ್ ಬದುಕಿ ಬಂತು. ಈಗ ಹೆದರಿಕೆ ಬೇರೆಯೇ ಆಗಿತ್ತು.

ಹೋದ ವರ್ಷ ಎರಡನೆಯ ಕೂಸು ಹೊಟ್ಟೆಯಲ್ಲೇ ಹೋದಾಗ ಶಿವಗಂಗಾಳ ಹೃದಯ ದುರ್ಬಲ ಎಂದು ತಿಳಿದಿತ್ತು. ಇನ್ನು ಬಸಿರು ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅತ್ತೆ ಸೂಗಮ್ಮ ಆಸ್ಪತ್ರೆಯಲ್ಲಿ ಅತ್ತಳು. ಮನೆಗೆ ಬಂದ ಮೇಲೆ ತೆಂಗಳಿ ಊರಿನ ತನ್ನ ತಮ್ಮ ಸಾಯಬಣ್ಣನಿಗೆ ಹೇಳಿ ಮಗನ ಎರಡನೆಯ ಮದುವೆಗೆ ಒಂದು ಹುಡುಗಿಯನ್ನು ಹುಡುಕಿಸಿದಳು. ಮನೆತನಕ್ಕೆ ಗಂಡುಮಗ ಬೇಕಲ್ಲ. ಸಿದ್ಧಲಿಂಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಚಿತ್ತಾಪುರದಿಂದ ಬಂದ ಮೇಲೆ ಅವನು ಹೊರಗಿನ ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡ.

“ಯಾಕ್ರಿ?” ಎಂದಳು.

“ಒಳಗ ಭಾಳ ಸೆಕಿ. ಇನ್ನ ಸ್ವಲ್ಪ ದಿನ ಇಲ್ಲೇ ಮಲಗ್ತೀನಿ.”

ಶಾಲೆಗೆ ರಜೆ ಹಾಕಿದ. ಬೈಕು ಮುಟ್ಟಲಿಲ್ಲ. ಜೋಳದ ಚೀಲ ಒಳಗಿಡು ಎಂದು ಸೂಗಮ್ಮ ಹೇಳಿದರೆ ಪಕ್ಕದ ಮನೆಯ ಸಿದ್ದಣ್ಣನನ್ನು ಕರೆದ. ಶಿವಗಂಗಾಳ ಮುಖ ನೋಡಿದರೆ ಕಣ್ಣು ತಪ್ಪಿಸುತ್ತಿದ್ದ. ಮನಸ್ಸು ಈ ಮನೆಯಿಂದ ಎದ್ದುಹೋದವನು ಹೀಗೆಯೇ ಇರುತ್ತಾನೆ ಎಂದುಕೊಂಡಳು ಅವಳು.

ಅವಳು ಗಂಡು ಗಿನಿ ಪಿಗ್‌ನ ಗಾಯ ಒರೆಸುತ್ತಿದ್ದಾಗ ಅವನು ಅಂಗಳದಲ್ಲಿ ಫೋನಿನಲ್ಲಿ ಸಾಯಬಣ್ಣನೊಡನೆ ಮಾತಾಡುವುದು ಕೇಳಿತು.

“ಚಿತ್ತಾಪುರದ ಕೆಲಸ ಮುಗದದ ಮಾವ. ಐತಾರ ನೀವೇ ಬರ್ರಿ. ಕುಂತು ಮಾತಾಡಿ ಒಮ್ಮಿಗೇ ಮುಗಿಸಾಮು.”

ಚಿತ್ತಾಪುರದಲ್ಲಿ ಕೋರ್ಟಿದೆ, ವಕೀಲರಿದ್ದಾರೆ. ವಿಚ್ಛೇದನದ ಕಾಗದ ಆಗಿಹೋಯಿತೇನೋ. ಭುವನೇಶ್ವರಿ ಯಾರ ಪಾಲಿಗೆ? ತವರಿನಲ್ಲಿ ಅಣ್ಣ ಎಷ್ಟು ದಿನ ಇಟ್ಟುಕೊಂಡಾನು?

“ಅವ್ವಾ, ಇವೆರಡನ್ನ ಯಾವಾಗ ಕೂಡಿಸಾದು?” ಮಗಳು ಕೇಳಿದಳು.

“ಆಪರೇಷನ್ ಆದ ಕೂಡಲೇ ಆಗಂಗಿಲ್ಲವ್ವ. ಕೆಲವು ವಾರ ದೂರೇ ಇಡ್ಬೇಕಂತ. ಇಲ್ಲಾಂದ್ರ ಮತ್ತ ಮರಿ ಆಗ್ತಾವ.”

ಶನಿವಾರ ಧೈರ್ಯ ಮಾಡಿ ಗಂಡನ ಮುಂದೆ ನಿಂತಳು. “ನನ್ನಿಂದ ಏನಾದ್ರೂ ಮುಚ್ಚಿಟ್ಟೀರೇನ್ರಿ?”

“ನಾಳಿತನಕ ತಡಿ ಶಿವಗಂಗಾ. ಎಲ್ಲಾರ ಮುಂದ ಹೇಳ್ತೀನಿ.”

ಐತಾರ ಬೆಳಿಗ್ಗೆ ಅವಳು ಮಗಳ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿ ಕದದ ಹಿಂದೆ ಇಟ್ಟಳು. ಯಾರಾದರೂ ಹೊರಗೆ ಹೋಗು ಎನ್ನುವ ಮೊದಲೇ ಹೊರಡಬೇಕು.

ಸಾಯಬಣ್ಣ ಬಂದು ಚಾಪೆಯ ಮೇಲೆ ಕೂತ. ಶಿವಗಂಗಾ ಚಹಾ ಕೊಟ್ಟಳು.

“ಹುಡುಗಿ ಮನಿಯವರು ಒಪ್ಯಾರ,” ಎಂದ ಸಾಯಬಣ್ಣ. “ಶಿವಗಂಗಾನೂ ಇಲ್ಲೇ ಇರ್ಲಿ, ಯಾರೂ ಹೊರಗ ಹಾಕಂಗಿಲ್ಲ. ಒಂದು ಗಂಡುಕೂಸು ಆದ್ರ ನಿಮ್ಮವ್ವನ ಜೀವಕ್ಕ ಸಮಾಧಾನ.”

“ನಾನೇನು ಇಕಿ ಕೆಟ್ಟದ್ದು ಬಯಸೀನೇನು?” ಸೂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಿಂದೊಂದು ಮಾತು ಬೇಕಪ್ಪ.”

ಸಿದ್ಧಲಿಂಗ ಗೋಡೆ ಹಿಡಿದು ನಿಧಾನವಾಗಿ ಎದ್ದು ನಿಂತ. ಶಿವಗಂಗಾ ಕದದ ಹಿಂದೆ ಕೈ ಚಾಚಿ ಚೀಲ ಹಿಡಿದುಕೊಂಡಳು.

“ಆ ಹುಡುಗಿಗಿ ಬ್ಯಾರೆ ಮನಿ ನೋಡ್ರಿ ಮಾವ. ಇನ್ನ ನನ್ನಿಂದ ಯಾರಿಗೂ ಕೂಸು ಆಗಂಗಿಲ್ಲ. ಮೊದಲೇ ಹೇಳಿದ್ರ ಅವ್ವ ಬಿಡ್ತಿದ್ದಿಲ್ಲ, ಇಕಿನೂ ಬಿಡ್ತಿದ್ದಿಲ್ಲ.”

ಯಾರಿಗೂ ತಿಳಿಯಲಿಲ್ಲ. ಅವನು ಹೆಂಡತಿಯ ಕಡೆಗೆ ತಿರುಗಿದ.

“ಅವತ್ತು ಚಿತ್ತಾಪುರದಾಗ ಎರಡು ಆಪರೇಷನ್ ಆದವು. ಒಂದು ಗಿನಿ ಪಿಗ್‌ದು, ಇನ್ನೊಂದು ನಂದು.”