ಮಣಿಕಟ್ಟಿನ ತನಕ

ಬಳೆ ತೊಡಿಸುವ ಹುಸೇನಬಿಯ ಬಲಗೈಗೆ ಯಾವುದೋ ಗಿರಾಕಿಯಿಂದ ನೀಲಿ ಹುಳುಕಡ್ಡಿ ಅಂಟಿತ್ತು. ಆ ಊರಿನಲ್ಲಿ ಅದು ನೆಗಡಿಯಷ್ಟೇ ಸಾಮಾನ್ಯ. ಅಂಟಿಸಿದವರ ಕೈ ಮುಟ್ಟಿದ್ದೆಲ್ಲ ಅಂಟಿಸಿಕೊಂಡವರ ಕೈಗೂ ತಿಳಿಯುತ್ತಿತ್ತು. ಒಂದು ವಾರದಿಂದ ಅವಳ ಅಂಗೈಗೆ ಯಾರದೋ ಮನೆಯ ರೊಟ್ಟಿಹಿಟ್ಟಿನ ಬಿಸಿ, ನೀರು ಸೇದುವ ಹಗ್ಗದ ಒರಟು, ತುಂಬುಬಸುರಿನ ನುಣುಪು ಕನಸಿನಂತೆ ಬಂದು ಹೋಗುತ್ತಿದ್ದವು.

ಆಸ್ಪತ್ರೆಯಲ್ಲಿ ನರ್ಸ್ ನೀಲಾಂಬಿಕಾ ಮುಲಾಮಿನ ಡಬ್ಬಿ ತೆರೆದಳು.

"ಚಾಚಿ, ನೀಲಿ ಮಣಿಕಟ್ಟು ದಾಟಿದ್ರ ಮತ್ತ ಎಂದೂ ಹೋಗಂಗಿಲ್ಲ. ಕೈ ಕೊಡ್ರಿ."

ಹುಸೇನಬಿ ಕೈ ಚಾಚಿದಳು. ಅಷ್ಟರಲ್ಲಿ ಎಲ್ಲಿಯದೋ ಮಂಚದ ತಣ್ಣನೆಯ ಕಬ್ಬಿಣದ ಸರಳು ಅಂಗೈಗೆ ಒತ್ತಿದಂತಾಯಿತು. ಒತ್ತು ಬಂತು, ಸಡಿಲಾಯಿತು, ಮತ್ತೆ ಬಂತು. ನಾಲ್ಕು ಹೆತ್ತ ಅವಳಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ.

"ತಡಿಯವ್ವಾ, ಆಕಿ ಹಡಿಯಾಕತ್ತಾಳ."

"ಆಕಿ ಯಾರಂತ ಗೊತ್ತೇನು ನಿಮಗ?"

"ಇಲ್ಲ. ಆದ್ರ ಆಕಿಗೆ ಹಿಡಕೊಳ್ಳಾಕ ಯಾರ ಕೈನೂ ಇಲ್ಲ, ಬರೇ ಸರಳೈತಿ. ಮುಲಾಮು ಹಚ್ಚಿಸ್ಕೊಂಡು ನಾನೂ ಬಿಟ್ಟುಹೋಗ್ಲೇನು?"

ಹುಸೇನಬಿ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಬಳೆ ತೊಡಿಸುವಾಗ ಮಾಡುವಂತೆ ಮೆಲ್ಲಗೆ ನೀವುತ್ತ ಕುಳಿತಳು. ಅದು ಆಕೆಗೆ ಮುಟ್ಟುತ್ತಿತ್ತೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕಿಳಿಯಿತು. ನೀಲಾಂಬಿಕಾ ನೋಡುತ್ತಿದ್ದಂತೆಯೇ ನೀಲಿ ಮಣಿಕಟ್ಟನ್ನು ದಾಟಿ ಮುಂಗೈಗೆ ಹರಡಿತು.

ಸ್ವಲ್ಪ ಹೊತ್ತಿಗೆ ಸರಳು ಮಾಯವಾಯಿತು. ಬೆಚ್ಚಗಿನ, ಒದ್ದೆಯಾದ ಪುಟ್ಟ ಬೆರಳುಗಳು ಹುಸೇನಬಿಯ ತೋರುಬೆರಳನ್ನು ಸುತ್ತಿಕೊಂಡವು. ಅವಳು ಅಲುಗಾಡಲಿಲ್ಲ.

"ಗಂಡೋ, ಹೆಣ್ಣೋ?" ಎಂದಳು ನೀಲಾಂಬಿಕಾ, ಡಬ್ಬಿಯ ಮುಚ್ಚಳ ಹಾಕುತ್ತ.

"ಅದು ತಿಳಿಯವಲ್ದವ್ವ. ಆದ್ರ ಹಿಡಿತ ಗಟ್ಟಿ ಐತಿ."