ಮಜ್ಜಿಗೆ ಚೊಂಬು

ಜಗುಲಿಯಲ್ಲಿ ದನಿ ಏರುತ್ತಲೇ ಕೆಂಪಾಜಮ್ಮನ ಕೈ ತಾನಾಗಿ ಮಜ್ಜಿಗೆ ಚೊಂಬಿಗೆ ಹೋಯಿತು. ನಾಲೆ ನೀರಿನ ಸರದಿಗೆ ಗಂಡ ಚೆಲುವಯ್ಯನೂ ಮೈದುನನೂ ಜಗಳಕ್ಕೆ ಬಿದ್ದಾಗಲೆಲ್ಲ ಚೊಂಬು ಹಿಡಿದು ನಡುವೆ ನಿಂತು, ಇಬ್ಬರ ಬೈಗುಳವನ್ನೂ ತಾನೇ ನುಂಗಿಕೊಂಡು ಅವರನ್ನು ತಣ್ಣಗೆ ಮಾಡುವುದು ಮದುವೆಯಾಗಿ ಮೂಗೂರಿಗೆ ಬಂದಾಗಿನಿಂದ ಅವಳ ಪಾಲಿನ ಕೆಲಸ.

ಅಣು ಸ್ಥಾವರದಲ್ಲಿ ಎಂಜಿನಿಯರಾಗಿದ್ದ ಮಗಳು ಹೇಮಲತಾ ರಜಕ್ಕೆ ಬಂದವಳು ಒಳಗೆ ಕೂತು ಅವರೆಕಾಯಿ ಸುಲಿಯುತ್ತ ತನ್ನ ಕೆಲಸದ ವಿಷಯ ಹೇಳುತ್ತಿದ್ದಳು. "ರಿಯಾಕ್ಟರ್ ಕಾವು ಮಿತಿ ಮೀರ್‍ದಂಗೆ ಮಧ್ಯಕ್ಕೆ ಸರಳು ಇಳಿಸ್ತೀವಿ ಕಣವ್ವ. ವಿಕಿರಣ ಹೀರಿ ಹೀರಿ ಅದು ಒಳಗೊಳಗೇ ಊದ್ಕಂಡು ಪೆಡಸಾಯ್ತದೆ. ಮೇಲ್ನೋಟಕ್ಕೆ ಮಾತ್ರ ಹೊಸದ್ರಂಗೇ ಇರ್ತದೆ."

ಚೊಂಬು ಹಿಡಿದು ಹೊರಟಿದ್ದ ಕೆಂಪಾಜಮ್ಮ ಬಾಗಿಲಲ್ಲೇ ನಿಂತಳು. "ಬಿರುಕು ಬಿಟ್ಮೇಲೆ ತೆಗೀತೀರಾ?"

"ಇಲ್ಲವ್ವ, ಬಿಡೋಕೆ ಮುಂಚೇನೇ. ಇನ್ನೆಷ್ಟು ದಿನ ತಡೀತದೆ ಅಂತ ನೋಡಿ, ತೆಗೆಸೋದೇ ನನ್ ಕೆಲಸ."

"ಎಲ್ಲೋದ್ಯಮ್ಮಿ? ಮಜ್ಜಿಗೆ ತಾ," ಎಂದು ಜಗುಲಿಯಿಂದ ಚೆಲುವಯ್ಯ ಕೂಗಿದ. ಅಣ್ಣತಮ್ಮಂದಿರಿಬ್ಬರೂ ಜಗಳ ಅರ್ಧಕ್ಕೆ ನಿಲ್ಲಿಸಿ ಅವಳು ಬರುವುದನ್ನೇ ಕಾಯುತ್ತಿದ್ದರು.

ಕೆಂಪಾಜಮ್ಮ ಹಿಂದಕ್ಕೆ ಬಂದು ಮಗಳ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಸೆರಗಿನಿಂದ ಕತ್ತು ಒರೆಸಿಕೊಂಡು, ಚೊಂಬೆತ್ತಿ, ಮಜ್ಜಿಗೆಯನ್ನು ನಿಧಾನವಾಗಿ ತಾನೇ ಕುಡಿಯತೊಡಗಿದಳು.